ಪಕ್ಕೆಲುಬಿನ ನರಶೂಲೆ

ಹಿಟ್ಟಿನ ಭಾರವಾದ ಪಾತ್ರೆಯನ್ನೆತ್ತಿದ ಮರುದಿನ ಪಕ್ಕೆಯಲ್ಲಿ ಚುಚ್ಚತೊಡಗಿದರೆ ಹೋಟೆಲಿನ ನಮ್ಮ ಬಂಧುಗಳು ಅದನ್ನು ವಾಯುವೆಂದು ಬಗೆದು, ಓಮದ ಕಷಾಯ ಕುಡಿದು ಮತ್ತೆ ಒಲೆಯ ಮುಂದೆ ನಿಲ್ಲುವರು. ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ ನಿತ್ಯ ಜಜ್ಜಿಹೋಗುವ ಗುಮಾಸ್ತರಾದರೋ ಅದೇ ನೋವನ್ನು ಹೃದ್ರೋಗವೆಂದು ಶಂಕಿಸಿ ನಿದ್ದೆಗೆಡುವರು. ಎದೆಯ ನಡುವೆ ಹಿಂಡಿದಂತಾಗಿ, ತೋಳಿಗೋ ದವಡೆಗೋ ನೋವು ಹರಿದು, ಬೆವರು, ಏದುಸಿರು ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಎದೆನೋವು ನರದ್ದೇ ಎಂದು ತಾವಾಗಿಯೇ ತೀರ್ಮಾನಿಸುವುದು ಅವಿವೇಕ.

ನಮ್ಮ ಎದೆಗೂಡಿನಲ್ಲಿ 12 ಜೊತೆ ಪಕ್ಕೆಲುಬುಗಳಿವೆ. ಪ್ರತಿಯೊಂದರ ಕೆಳಗೂ ಬೆನ್ನುಹುರಿಯಿಂದ ಹೊರಟ ನರವೊಂದು ಮುಂಭಾಗದವರೆಗೆ ಹಾಯುತ್ತದೆ. ಅದು ಕೆರಳಿದರೆ ನೋವು ಪಟ್ಟಿ ಕಟ್ಟಿದಂತೆ ಒಂದೇ ಮಗ್ಗುಲಲ್ಲಿ ಸುತ್ತಿ ಬರುವುದು. ಅಂಗಿ ತಗುಲಿದರೂ ಉರಿಯುವುದುಂಟು. ಪೆಟ್ಟು, ಪಕ್ಕೆಲುಬಿನ ಮುರಿತ, ಎದೆಯ ಶಸ್ತ್ರಚಿಕಿತ್ಸೆ, ಬೆನ್ನೆಲುಬಿನ ಸವೆತ ಅಥವಾ ಕ್ಷಯ, ಹಳೆಯ ಸಕ್ಕರೆ ಕಾಯಿಲೆ ಇದಕ್ಕೆ ಕಾರಣವಾಗಬಹುದು.

ವಿವರವಾಗಿ ಹೇಳಬೇಕಾದುದು ಸರ್ಪಸುತ್ತಿನ ವಿಚಾರ. ನೆರೆಯ ಮರಾಠಿಗರು ಇದನ್ನೇ 'ನಾಗೀಣ' ಎನ್ನುತ್ತಾರೆ. ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದಾಗ ಅಥವಾ ಶಕ್ತಿಗುಂದಿದಾಗ ಎಚ್ಚರಗೊಳ್ಳುತ್ತದೆ. ಮೊದಲು ಕೆಲವು ದಿನ ಬರಿಯ ನೋವು. ಬಳಿಕ ಅದೇ ದಾರಿಯಲ್ಲಿ ನೀರುಗುಳ್ಳೆಗಳು. ಹೆಡೆಯೂ ಬಾಲವೂ ಕೂಡಿದರೆ ಸಾವು ಎಂಬ ಭಯ ಊರಿನಿಂದ ನಮ್ಮೊಡನೆಯೇ ಬಂದಿದೆ. ಆದರೆ ಎಡಬಲದ ನರಗಳು ಬೇರೆ ಬೇರೆಯಾದುದರಿಂದ ಗುಳ್ಳೆಗಳು ನಡುಗೆರೆಯನ್ನು ದಾಟುವುದೇ ವಿರಳ. ನಾಗದೇವರಿಗೆ ಹರಕೆ ಹೊರುವವರು ಹೊರಲಿ, ನಮ್ಮ ಆಕ್ಷೇಪವಿಲ್ಲ. ಕಾವಿಮಣ್ಣಿನ ಲೇಪವನ್ನು ನಂಬಿ ವಾರ ಕಳೆಯುವುದು ಮಾತ್ರ ನಷ್ಟಕರ. ಏಕೆಂದರೆ ಅಸೈಕ್ಲೋವಿರ್ ಮೊದಲಾದ ಔಷಧಗಳನ್ನು ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭಿಸಿದರೆ ಫಲ ಹೆಚ್ಚು. ಗುಳ್ಳೆ ಮಾಗಿದ ಮೇಲೂ, ವಿಶೇಷವಾಗಿ 60 ದಾಟಿದವರಲ್ಲಿ, ನೋವು ತಿಂಗಳುಗಟ್ಟಲೆ ಉಳಿಯಬಹುದು. 50 ಮೀರಿದವರಿಗೆ ಎರಡು ಸಲ ಚುಚ್ಚುವ ಲಸಿಕೆಯೊಂದು 2023ರಲ್ಲಿ ನಮ್ಮ ದೇಶಕ್ಕೂ ಬಂದಿದೆ; ಬೆಲೆ ಮಾತ್ರ ಬಡವರಿಗೆ ನಿಲುಕುವಂಥದಲ್ಲ.

ಒಂದೇ ಖೋಲಿಯಲ್ಲಿ ಹತ್ತು ಮಂದಿ ಮಲಗುವ ಕಡೆ ರೋಗಿಯನ್ನು ಹೊರಗಟ್ಟುವ ಅವಸರವೂ ಉಂಟು. ಇದು ಅನ್ಯಾಯ. ಗುಳ್ಳೆಯ ನೀರು ತಗುಲಿದರೆ, ಸೀತಾಳೆ ಸಿಡುಬು ಬಾರದಿದ್ದವರಿಗೆ ಅದು ಬರಬಹುದು, ಸರ್ಪಸುತ್ತು ಬಾರದು. ಹೊಪ್ಪಳೆ ಕಟ್ಟುವವರೆಗೆ ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿ, ಟವೆಲು ಬೇರೆಯಿರಿಸಿ, ಗರ್ಭಿಣಿಯರಿಂದಲೂ ಹಸುಗೂಸುಗಳಿಂದಲೂ ದೂರವಿದ್ದರೆ ಸಾಕು.

ಪರಳದ ಕೆ.ಇ.ಎಂ., ಶೀವದ ಲೋಕಮಾನ್ಯ ತಿಲಕ, ಮುಂಬಯಿ ಸೆಂಟ್ರಲಿನ ನಾಯರ್, ವಿಲೇಪಾರ್ಲೆಯ ಕೂಪರ್ ಇವು ಮಹಾನಗರಪಾಲಿಕೆಯ ಆಸ್ಪತ್ರೆಗಳು. ಬೆಳಿಗ್ಗೆ ಬೇಗನೆ ಹೋಗಿ ಕೇಸ್ ಪೇಪರ್ ಮಾಡಿಸಬೇಕು. ನರದ ನೋವಿಗೆ ಕೊಡುವ ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಮುಂತಾದ ಮಾತ್ರೆಗಳು ತೂಕಡಿಕೆ ತರುವುದರಿಂದ, ಕಾದ ಎಣ್ಣೆಯ ಬಾಣಲೆಯ ಮುಂದೆ ದುಡಿಯುವವರು ತಮ್ಮ ಉದ್ಯೋಗವೇನೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.