ಬ್ಯಾಟರಿಯದೇ ತಪ್ಪೇ?

ಪೆಟ್ರೋಲಿನಿಂದ ಓಡುವ ಕಾರಿಗೂ ವಿದ್ಯುಚ್ಛಕ್ತಿ ಬೇಕು. ಎಂಜಿನ್ನನ್ನು ಮೊದಲು ತಿರುಗಿಸುವುದಕ್ಕೆ, ಇಂಧನಕ್ಕೆ ಕಿಡಿ ತಾಗಿಸುವುದಕ್ಕೆ, ದೀಪಗಳನ್ನು ಬೆಳಗುವುದಕ್ಕೆ ಅದೇ ಆಧಾರ. ಈ ಶಕ್ತಿಯನ್ನು ಕೂಡಿಡುವುದು ಬ್ಯಾಟರಿ. ವೆಚ್ಚವಾದುದನ್ನು ತುಂಬಿಕೊಡುವುದು ಆಲ್ಟರ್ನೇಟರ್. ಒಂದು ಕಣಜ, ಮತ್ತೊಂದು ಅದನ್ನು ತುಂಬುವ ದುಡಿಮೆಗಾರ. ಕಣಜ ಬರಿದಾದಾಗ ಜನರು ಸಾಮಾನ್ಯವಾಗಿ ಕಣಜವನ್ನೇ ದೂರುತ್ತಾರೆ. ಹೊಸ ಬ್ಯಾಟರಿಯನ್ನು ಕೊಂಡು ಹಾಕಿದರೂ, ಕೆಲವೇ ದಿನಗಳಲ್ಲಿ ಅದೂ ಬರಿದಾಗಿ ಕಾರು ನಡುದಾರಿಯಲ್ಲಿ ನಿಲ್ಲುವುದುಂಟು. ದೋಷವನ್ನು ಅಳೆದು ತಿಳಿಯದೆ ಊಹಿಸಿದುದರ ಫಲವಿದು.

ಆಲ್ಟರ್ನೇಟರಿಗೆ ಆಧಾರವಾದ ತತ್ತ್ವವನ್ನು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದನು. ತಂತಿಯ ಸುರುಳಿಯ ಬಳಿ ಕಾಂತಕ್ಷೇತ್ರವು ಬದಲಾಗುತ್ತಿದ್ದರೆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಎಂಜಿನ್ನು ಬೆಲ್ಟಿನ ಮೂಲಕ ಆಲ್ಟರ್ನೇಟರಿನೊಳಗಿನ ವಿದ್ಯುತ್ಕಾಂತವನ್ನು ತಿರುಗಿಸುತ್ತದೆ. ಆಗ ಹುಟ್ಟುವ ಪರ್ಯಾಯ ವಿದ್ಯುತ್ತನ್ನು ಡಯೋಡುಗಳು ಏಕಮುಖ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಎಂಜಿನ್ನಿನ ವೇಗ ಹೆಚ್ಚಿದರೂ ವೋಲ್ಟೇಜು ಮಿತಿಮೀರದಂತೆ ರೆಗ್ಯುಲೇಟರ್ ಎಂಬ ನಿಯಂತ್ರಕವು ಕಾಯುತ್ತದೆ.

ದೋಷವನ್ನು ಅರಿಯಲು ಮಲ್ಟಿಮೀಟರ್ ಒಂದಿದ್ದರೆ ಸಾಕು. ಎಂಜಿನ್ನು ನಿಂತು ಕೆಲವು ಗಂಟೆಗಳು ಕಳೆದ ಮೇಲೆ, ತುಂಬಿದ ಬ್ಯಾಟರಿಯ ಎರಡು ಅಗ್ರಗಳ ನಡುವೆ ಸುಮಾರು 12.6 ವೋಲ್ಟ್ ಕಾಣುತ್ತದೆ. ಎಂಜಿನ್ನು ಓಡುತ್ತಿರುವಾಗ ಇದು ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ಬ್ಯಾಟರಿಗೆ ಶಕ್ತಿ ಸಾಕಷ್ಟು ತಲಪುತ್ತಿಲ್ಲವೆಂದು ತಿಳಿಯಬೇಕು.

ಹಾಗಾದರೆ ಆಲ್ಟರ್ನೇಟರೇ ಕೆಟ್ಟಿದೆಯೇ? ಹಾಗೆ ನಿರ್ಧರಿಸಲು ಇನ್ನೂ ಕಾಲ ಬಂದಿಲ್ಲ. ದೀಪಗಳನ್ನು ಬೆಳಗಿಸಿ, ಆಲ್ಟರ್ನೇಟರಿನ ಬಳಿ ಒಮ್ಮೆ, ಬ್ಯಾಟರಿಯ ಬಳಿ ಒಮ್ಮೆ ಅಳೆಯಬೇಕು. ಅಲ್ಲಿ 14.2, ಇಲ್ಲಿ 13.2 ಎಂದಿಟ್ಟುಕೊಳ್ಳಿ. ಒಂದು ವೋಲ್ಟ್ ನಡುದಾರಿಯಲ್ಲೇ ಕಳೆದುಹೋಗಿದೆ! ಸಡಿಲವಾದ ಜೋಡಣೆ, ಕಿಲುಬು ಹಿಡಿದ ತುದಿ, ಎಂಜಿನ್ನಿಗೂ ಕಾರಿನ ಮೈಗೂ ನಡುವಣ ಸವೆದ ತಂತಿ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಉಜ್ಜಿ ಶುಚಿಗೊಳಿಸಿ ಬಿಗಿದರೆ ಎಷ್ಟೋ ವೇಳೆ ತೊಂದರೆ ನೀಗುತ್ತದೆ. ಎರಡು ಕಡೆಯೂ ವೋಲ್ಟೇಜು ಕಡಿಮೆಯಿದ್ದರೆ ಮಾತ್ರ ಜಾರುವ ಬೆಲ್ಟು, ಸವೆದ ಬ್ರಷ್ಷು, ಕೆಟ್ಟ ಡಯೋಡು ಅಥವಾ ರೆಗ್ಯುಲೇಟರನ್ನು ಪರೀಕ್ಷಿಸಬೇಕು.

ವೋಲ್ಟೇಜು 15ನ್ನು ಮೀರಿ ಅಲ್ಲಿಯೇ ನಿಂತರೂ ಅಪಾಯವೇ. ಆಗ ರೆಗ್ಯುಲೇಟರನ್ನೂ ಅದರ ತಂತಿಗಳನ್ನೂ ಸಂಶಯಿಸಬೇಕು. ಬ್ಯಾಟರಿಯೊಳಗಿನ ನೀರು ವಿಭಜನೆಗೊಂಡು ಜಲಜನಕ, ಆಮ್ಲಜನಕಗಳು ಹೊರಬರುತ್ತವೆ; ಒಂದು ಕಿಡಿ ತಾಗಿದರೂ ಸಿಡಿತವಾಗಬಹುದು. ಆದುದರಿಂದ ಬ್ಯಾಟರಿಯ ಬಳಿಗೆ ಬೆಂಕಿಯನ್ನು ತರಬಾರದು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ ನೋಡುವ ಹಳೆಯ ರೂಢಿಯೂ ಸಲ್ಲದು. ಥಟ್ಟನೆ ಏರುವ ವೋಲ್ಟೇಜಿನಿಂದ ಸೂಕ್ಷ್ಮ ವಿದ್ಯುನ್ಮಾನ ಭಾಗಗಳು ಸುಟ್ಟುಹೋಗಬಲ್ಲವು. ಓಡುತ್ತಿರುವ ಎಂಜಿನ್ನಿನ ಬಳಿ ಅನುಭವಿಗಳ ಜೊತೆಯಲ್ಲೇ ಕೆಲಸ ಮಾಡಬೇಕು.

ಇತ್ತೀಚಿನ ಹಲವು ಕಾರುಗಳಲ್ಲಿ ಗಣಕವೇ ಇಂಧನ ಉಳಿಸಲು ವೋಲ್ಟೇಜನ್ನು ಏರಿಸಿ ಇಳಿಸುತ್ತದೆ. ಅಂಥ ಕಾರಿನಲ್ಲಿ ಕಡಿಮೆ ಅಂಕಿಯೂ ಸಹಜವಿರಬಹುದು; ತಯಾರಕರ ಕೈಪಿಡಿಯನ್ನು ನೋಡಿಯೇ ತೀರ್ಮಾನಿಸಬೇಕು.

ಜ್ವರವು ರೋಗದ ಸೂಚನೆಯೇ ಹೊರತು ರೋಗವಲ್ಲ. ವೋಲ್ಟೇಜಿನ ಏರಿಳಿತವೂ ಅಂತೆಯೇ. ಅದರ ಮೂಲವನ್ನು ಹಂತಹಂತವಾಗಿ ಅರಸುವವನು ಸಾವಿರಾರು ರೂಪಾಯಿಗಳ ಭಾಗವನ್ನು ಬದಲಿಸುವ ಮೊದಲು, ಕಿಲುಬು ಹಿಡಿದ ಒಂದು ತುದಿಯನ್ನು ಉಜ್ಜಿ ನೋಡುತ್ತಾನೆ.