ತೊಟ್ಟಿಲಿನ ಎತ್ತರ ಅಳೆಯುವುದು ಎಲ್ಲಿಂದ?

2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾಯಿತು, ಇನ್ನು ಕೊಡಗಿನ ಕುಟ್ಟದ ಕಡೆ ದೊಡ್ಡ ತೊಟ್ಟಿಲು (ಜೈಂಟ್ ವೀಲ್), ಟವರ್ ರೈಡ್ ಏನೂ ಕಟ್ಟುವ ಹಾಗಿಲ್ಲ ಎನ್ನುವ ಮಾತಿಗೆ ಬುಡವಿಲ್ಲ. ಕುಟ್ಟದಿಂದ ಆ ನಿಲ್ದಾಣವಿರುವ ಮಟ್ಟನ್ನೂರಿಗೆ ನೇರ ಗೆರೆ ಎಳೆದರೂ 50 ಕಿ.ಮೀ. ದಾಟುತ್ತದೆ, ಮೈಸೂರಿನ ಮಂಡಕಳ್ಳಿ ನಿಲ್ದಾಣ ಇನ್ನೂ ದೂರ. ವಿಮಾನ ಹಾರಾಟದ ಸುರಕ್ಷತೆಗೆ ಕಟ್ಟಡಗಳ ಎತ್ತರ ಮಿತಿಗೊಳಿಸುವ 2015ರ ನಿಯಮಗಳಲ್ಲಿ ಸಾಧಾರಣ ಎತ್ತರದ ರೈಡಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪ್ರಶ್ನೆ ಏಳುವುದು ನಿಲ್ದಾಣದಿಂದ 20 ಕಿ.ಮೀ. ಒಳಗೆ. 150 ಮೀಟರ್ ದಾಟುವ ಗೋಪುರದ ವಿಷಯ ಬೇರೆ.

ನನಗೆ ನಿಜವಾಗಿ ಬೇಸರ ತರಿಸುವುದು ‘ಇಂತಿಷ್ಟು ಅಡಿ ಮೀರಬಾರದು’ ಎಂಬ ಒಂದೇ ಮಿತಿ ಎಲ್ಲೆಡೆ ಇದೆಯೆಂಬ ನಂಬಿಕೆ. ಗುಡ್ಡಗಾಡಿನವರಾದ ನಾವಾದರೂ ಇದನ್ನು ನಂಬಬಾರದು. ಮಿತಿ ಹೇಳುವುದು ತೊಟ್ಟಿಲಿನ ಉದ್ದವನ್ನಲ್ಲ, ಅದರ ತುದಿ ಸಮುದ್ರಮಟ್ಟದಿಂದ ಎಷ್ಟು ಮೇಲಿರಬಹುದು ಎಂಬುದನ್ನು. ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣ ಸುಮಾರು 915 ಮೀಟರ್ ಎತ್ತರದಲ್ಲಿದೆ. ರನ್‌ವೇಯ ನೇರಕ್ಕೆ ಬಾರದ ಪಕ್ಕದ ಜಾಗಗಳಲ್ಲಿ 4 ಕಿ.ಮೀ. ತನಕ, ನಿಲ್ದಾಣದ ಮಟ್ಟಕ್ಕಿಂತ 45 ಮೀಟರ್ ಮೇಲೆ ಒಂದು ಕಾಣದ ಚಾವಣಿ ಇದೆ, ಅಂದರೆ 960. ಈ ಒಂದು ಲೆಕ್ಕದಲ್ಲಿ, 900 ಮೀಟರಿನ ತಗ್ಗಿನಲ್ಲಿ 60 ಮೀಟರಿನ ತೊಟ್ಟಿಲು ನಿಲ್ಲಬಹುದು, 940ರ ದಿಬ್ಬದಲ್ಲಿ 25 ಮೀಟರಿನದು ನಿಲ್ಲದು. ತುದಿ ಎಂದರೆ ಸಿಡಿಲು ತಡೆಯುವ ಕಂಬಿ, ಕೆಂಪು ದೀಪ ಎಲ್ಲ ಸೇರಿ. ರನ್‌ವೇಯ ನೇರದಲ್ಲಾದರೆ ಚಾವಣಿ ಇನ್ನೂ ಕೆಳಗಿಳಿಯುತ್ತದೆ.

ಹಾಗಾದರೆ ಚಾಮುಂಡಿ ಬೆಟ್ಟ ಹೇಗೆ ನಿಂತಿದೆ ಎಂದು ಕೇಳಬಹುದು. ಮಂಡಕಳ್ಳಿ ಸುಮಾರು 730 ಮೀಟರ್, ಬೆಟ್ಟ ಸಾವಿರಕ್ಕೂ ಮೇಲೆ. ಪ್ರಶ್ನೆ ಸರಿಯಾದದ್ದೇ. ಬೆಟ್ಟ ಮೊದಲಿನಿಂದಲೂ ನಕ್ಷೆಯಲ್ಲಿದೆ, ವಿಮಾನದ ದಾರಿಯನ್ನು ಅದನ್ನು ನೋಡಿಕೊಂಡೇ ಗೊತ್ತುಮಾಡುತ್ತಾರೆ. ಹೊಸ ಕಬ್ಬಿಣದ ಚಕ್ರಕ್ಕೆ ಆ ಸಲುಗೆ ಇಲ್ಲ: ಎಂಜಿನ್ ಕೈಕೊಟ್ಟ ವಿಮಾನಕ್ಕೂ ದಾರಿ ಬೇಕು, ದೊಡ್ಡ ಲೋಹದ ರಚನೆ ಇಳಿಯುವ ವಿಮಾನಕ್ಕೆ ಸಿಗುವ ರೇಡಿಯೊ ಸಂಕೇತವನ್ನೂ ಕೆಡಿಸಬಹುದು. ಕೆಂಪು ದೀಪ ಹಾಕಿದರೆ ಎತ್ತರಕ್ಕೆ ರಿಯಾಯಿತಿ ಸಿಗುತ್ತದೆ ಎಂಬುದೂ ಸುಳ್ಳು. ಪಂಚಾಯ್ತಿ ಪರವಾನಗಿಯೂ ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿಗೆ ಪರ್ಯಾಯವಾಗದು.

ಯಾರೋ ಹೇಳಿದ ಅಡಿ ಲೆಕ್ಕವನ್ನು ನಂಬುವವರು ನೆಲದ ಮಟ್ಟ ಎಷ್ಟು ಎಂದು ಒಮ್ಮೆಯೂ ಕೇಳುವುದಿಲ್ಲ. ಇಲ್ಲದ ವಿಮಾನದ ಅಡ್ಡಿಯ ಬಗ್ಗೆ ಇಷ್ಟು ಮಾತಾಡುವ ನಾವು, ಆಷಾಢದ ಗಾಳಿ-ಮಳೆಗೆ ಆ ತೊಟ್ಟಿಲಿನ ಅಡಿಪಾಯ ತಡೆಯುತ್ತದೆಯೇ, ಬೋಲ್ಟುಗಳನ್ನು ಕೊನೆಯ ಸಲ ಪರೀಕ್ಷಿಸಿದವರು ಯಾರು ಎಂದು ಮಕ್ಕಳನ್ನು ಕೂರಿಸುವ ಮುಂಚೆ ಕೇಳುತ್ತಿಲ್ಲ.