ಮಕ್ಕಳ ಚಿತ್ರಕ್ಕೆ ದುಂಡಕ್ಷರ: ಅಂದದಷ್ಟೇ ಓದೂ ಮುಖ್ಯ

ಕುಂದಾಪುರ: ಅಂಗನವಾಡಿಯ ಗೋಡೆ, ಶಾಲಾ ವಾರ್ಷಿಕೋತ್ಸವದ ಬ್ಯಾನರ್, ಹುಟ್ಟುಹಬ್ಬದ ಆಮಂತ್ರಣ... ಮಕ್ಕಳಿಗೆಂದು ಕಾರ್ಟೂನು ಶೈಲಿಯಲ್ಲಿ ಏನನ್ನೇ ರೂಪಿಸಿದರೂ ಅಕ್ಷರಗಳು ದುಂಡಗಿರಬೇಕೆಂಬುದು ರೂಢಿ. ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಅವರ ಊರಾದ, ಕಾರ್ಟೂನು ಹಬ್ಬ ಕಂಡ ಕುಂದಾಪುರಕ್ಕೆ ಇದು ಹೊಸತಲ್ಲ. ಆದರೆ ಅಕ್ಷರ ಕಲಿಯುವ ಮಗುವಿಗೆ ಗೋಡೆಬರಹವೂ ಒಂದು ಪಾಠ. ಅಲ್ಲಿ ಅಕ್ಷರ ಕಲಸಿಹೋದರೆ ಕಲಿಕೆಯೂ ಕಲಸಿಹೋಗುತ್ತದೆ.

1994ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕಾನೇರ್, ತಂತ್ರಾಂಶವೊಂದರಲ್ಲಿ ಕಾರ್ಟೂನು ನಾಯಿಯ ಮಾತು ಪತ್ರಿಕೆಯ ಗಂಭೀರ ಅಕ್ಷರಗಳಲ್ಲಿದ್ದುದನ್ನು ಕಂಡು ‘ಕಾಮಿಕ್ ಸ್ಯಾನ್ಸ್’ ರೂಪಿಸಿದರು. ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಕನ್ನಡ ಬರಹಕ್ಕೆ ಅದನ್ನು ಆರಿಸಿದರೆ ಗಣಕವು ಬೇರಾವುದೋ ಫಾಂಟನ್ನು ತಂದಿಡುತ್ತದೆ. ಇಷ್ಟಕ್ಕೂ ಕನ್ನಡದ ಅಕ್ಷರಗಳು ಸಹಜವಾಗಿಯೇ ದುಂಡು. ಇಲ್ಲಿ ಆರಿಸಬೇಕಾದುದು ಗೀಟಿನ ದಪ್ಪ ಮತ್ತು ಅದರ ತುದಿಯ ನಯವನ್ನು ಮಾತ್ರ.

ದಪ್ಪ ಹೆಚ್ಚಿದಂತೆ ಅಪಾಯವೂ ಹೆಚ್ಚು. ‘ಪ’ಕಾರದೊಳಗೆ ಒಂದು ಗೀಟು ಸೇರಿದರೆ ‘ಷ’ಕಾರ. ‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಅಡಿಯ ಪುಟ್ಟ ಸೀಳು ಮಾತ್ರ. ಗೀಟು ಉಬ್ಬಿ ಒಳಗಿನ ಬಯಲು ಮುಚ್ಚಿದರೆ, ಅದರ ಮೇಲೆ ಬಣ್ಣದ ಅಂಚೂ ಬಿದ್ದರೆ, ಈ ಗುರುತುಗಳು ಮಾಯವಾಗುತ್ತವೆ. ದೊಡ್ಡವರು ಸಂದರ್ಭ ನೋಡಿ ಊಹಿಸಿಕೊಂಡಾರು. ಮಗುವಿಗೆ ಆ ಅನುಕೂಲವಿಲ್ಲ.

ಊರ ಹೆಸರೇ ಪರೀಕ್ಷೆ

ಫಾಂಟ್ ಪರೀಕ್ಷಿಸಲು ಈ ಭಾಗದ ಮೂರು ಊರುಗಳ ಹೆಸರೇ ಸಾಕು. ‘ಕುಂದಾಪುರ’ದಲ್ಲಿ ಸೊನ್ನೆಯ ನಡುವಿನ ತೂತು ಮುಚ್ಚಿ ಚುಕ್ಕೆಯಂತೆ ಕಾಣುವುದೇ ನೋಡಬೇಕು. ‘ಬೈಂದೂರು’ ಬರೆದು, ಐತ್ವದ ಗುರುತು ಪಕ್ಕದ ಸೊನ್ನೆಗೆ ತಾಗದಿರುವುದನ್ನೂ ‘ದೂ’ವಿನ ದೀರ್ಘ ಸ್ಪಷ್ಟವಾಗಿರುವುದನ್ನೂ ಗಮನಿಸಬೇಕು. ‘ಬ್ರಹ್ಮಾವರ’ದಲ್ಲಿ ಎರಡು ಒತ್ತಕ್ಷರಗಳಿವೆ. ಅವು ಕೆಳಗಿನ ಸಾಲಿಗೆ ತಾಗಿದರೆ ಸಾಲುಗಳ ನಡುವಿನ ಅಂತರ ಸಾಲದೆಂದೇ ಅರ್ಥ. ಅಕ್ಷರಗಳನ್ನು ಕುಣಿಯುವಂತೆ ಮೇಲೆ ಕೆಳಗೆ ಜೋಡಿಸುವಾಗ ಈ ತೊಂದರೆ ಇಮ್ಮಡಿ. ಒತ್ತು ತನ್ನ ಮೂಲಾಕ್ಷರದೊಡನೆಯೇ ಸರಿಯಬೇಕು.

ಸಿದ್ಧ ಫಾಂಟ್ ಬೇಕೆಂಬವರಿಗೆ ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ 2’ ಒಂದು ಆಯ್ಕೆ. ಮುಕ್ತ ಪರವಾನಗಿಯ ಈ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಇದರಲ್ಲಿ 5 ಬಗೆಯ ದಪ್ಪಗಳಿವೆ. ಅತಿ ದಪ್ಪದ್ದನ್ನು ಒಂದೆರಡು ಪದಗಳ ಶೀರ್ಷಿಕೆಗೆ ಮೀಸಲಿರಿಸಿ, ಮಾತಿನ ಗುಳ್ಳೆಗಳಿಗೆ ತೆಳುವಾದುದನ್ನು ಬಳಸುವುದು ಲೇಸು. ಪ್ರಸಿದ್ಧ ಕಾರ್ಟೂನುಗಳ ಹೆಸರಿನ ವಿನ್ಯಾಸವನ್ನು ಯಥಾವತ್ತಾಗಿ ನಕಲಿಸಿದರೆ ಹಕ್ಕುಸ್ವಾಮ್ಯ, ಟ್ರೇಡ್‌ಮಾರ್ಕ್‌ಗಳ ಪ್ರಶ್ನೆ ಎದುರಾಗಬಹುದೆಂಬುದನ್ನೂ ಮರೆಯುವಂತಿಲ್ಲ.

ಮುದ್ರಣಕ್ಕೆ ಮುನ್ನ ಹಾಳೆಯೊಂದನ್ನು ತೆಗೆದು, ಬ್ಯಾನರ್ ತೂಗುವ ದೂರದಲ್ಲಿಟ್ಟು, ಒಂದನೇ ತರಗತಿಯ ಮಗುವಿಂದ ಓದಿಸಿ ನೋಡುವುದು ಒಳಿತು. ಮಗು ತಡವರಿಸಿದಲ್ಲಿ ಬದಲಾಗಬೇಕಾದುದು ಮಗುವಲ್ಲ, ಅಕ್ಷರ.